ಪೀಣ್ಯಕ್ಕೆ ಎರಡನೇ ಸಲ ಹೋದದ್ದು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನನ್ನದೊಂದು ಬುದ್ಧಿಮಾತು. ಯಾವ ಆಫೀಸಿಗೆ ಹೋದರೂ ರೂಟರನ್ನು ಮುಟ್ಟುವ ಮೊದಲು ಅದರ ಮೇಲೆ ಏನಿಟ್ಟಿದ್ದಾರೆ ನೋಡಿ. ನಾನು ನೋಡಿದ ರೂಟರುಗಳ ಮೇಲೆ ಹೆಲ್ಮೆಟ್ ಇತ್ತು, ಊಟದ ಡಬ್ಬಿ ಇತ್ತು, ಒಣಗಲು ಹಾಕಿದ ಕರ್ಚೀಫ್ ಇತ್ತು. ಕುಂದಲಹಳ್ಳಿಯ ಒಬ್ಬ ಆಡಿಟರ್ ಅಂತೂ ಬೆಲೆಬಾಳುವ ಸಾಮಾನು ಎಂದು ರೂಟರನ್ನು ಕಬ್ಬಿಣದ ಬೀರುವಿನೊಳಗಿಟ್ಟು, ಕೇಬಲ್ಲಿಗಾಗಿ ಬೀರುವಿನ ಬೆನ್ನಿಗೆ ತೂತು ಕೊರೆಸಿ, ಬೀಗ ಹಾಕಿಕೊಂಡಿದ್ದರು. ಮಧ್ಯಾಹ್ನವಾಗುತ್ತಲೇ ಅದು ಒಳಗೇ ಕಾದು ನಿಂತುಹೋಗುತ್ತಿತ್ತು. ನಾನು ಹೋದಾಗ ಬೀಗದ ಕೈ ಆಡಿಟರ ಜೇಬಿನಲ್ಲಿ, ಆಡಿಟರು ತಿರುಪತಿಯಲ್ಲಿ. ಇಂಥದ್ದಕ್ಕೆಲ್ಲ ಯಾವ ತರಬೇತಿಯೂ ಇಲ್ಲ. ಅವರು ದರ್ಶನ ಮುಗಿಸಿ ಬರುವವರೆಗೆ ಬೀರುವಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟು ಬಂದೆ. ಎರಡು ದಿನ ಆಫೀಸು ಹಾಗೆಯೇ ನಡೆಯಿತು.

ನನ್ನ ಹೆಸರು ನಾಗರತ್ನ. ಮದುವೆಯಾಗಿ ಬಂದದ್ದು ದೊಡ್ಡನೆಕ್ಕುಂದಿಗೆ. ಆಗ ನಮ್ಮ ಅತ್ತೆಯ ಮನೆಯ ಹಿಂದೆ ರಾಗಿ ಹೊಲ ಇತ್ತು, ಈಗ ಅಲ್ಲಿ ನಾಲ್ಕಂತಸ್ತಿನ ಪಿಜಿ ಇದೆ. ಸಣ್ಣ ಆಫೀಸುಗಳಿಗೆ ಟೆಲಿಫೋನ್ ಲೈನಿನಿಂದ ಇಂಟರ್‌ನೆಟ್ ತೆಗೆದು, ಅದನ್ನು ಹತ್ತಾರು ಕಂಪ್ಯೂಟರುಗಳಿಗೆ ಹಂಚುವ ರೂಟರ್ ಎಂಬ ಪೆಟ್ಟಿಗೆಯನ್ನು ಕೂರಿಸುವುದು ನನ್ನ ಉದ್ಯೋಗವಾಗಿತ್ತು. ಕಳೆದ ವರ್ಷ ನಿವೃತ್ತಳಾದೆ. ಯಾವ ಹುದ್ದೆಯಿಂದ ಎಂದು ಕೇಳಬೇಡಿ. ಆ ಹುದ್ದೆಯಲ್ಲಿ ಬರೀ ಮೀಟಿಂಗುಗಳು, ಹೇಳಿಕೊಳ್ಳುವಂಥದ್ದು ಒಂದೂ ನಡೆಯಲಿಲ್ಲ. ನಡೆದದ್ದೆಲ್ಲ ಮೇಜುಗಳ ಕೆಳಗೆ, ಧೂಳಿನಲ್ಲಿ, ಮೊಣಕಾಲೂರಿ ಕೂತಿದ್ದಾಗ.

ಉಪಕರಣಗಳು ಬದಲಾದವು, ಒಪ್ಪುತ್ತೇನೆ. ಮೊದಲು ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಆಜ್ಞೆ ಟೈಪು ಮಾಡುತ್ತಿದ್ದೆವು, ಒಂದು ಚುಕ್ಕಿ ತಪ್ಪಿದರೆ ಮತ್ತೆ ಮೊದಲಿನಿಂದ. ಆಮೇಲೆ ಬಣ್ಣದ ಪುಟ ಬಂತು, ಟಿಕ್ ಹಾಕಿದರೆ ಸಾಕು. ಈಗ ನೀವು ಮೊಬೈಲಿನಲ್ಲೇ ಎಲ್ಲ ಮುಗಿಸಿ ಸೈಟಿನ, ಅಂದರೆ ಗಿರಾಕಿಯ ಜಾಗದ, ಮುಖವನ್ನೂ ನೋಡದೆ ವರದಿ ಕಳಿಸುತ್ತೀರಿ. ನನಗೇನೂ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಮಾತ್ರ ಇದೆ. ಆದರೆ ಜನ ಬದಲಾಗಿಲ್ಲ. ರೂಟರು ಕೆಟ್ಟಿದೆ ಎಂದು ಕರೆದ ಕಡೆ ಹತ್ತಕ್ಕೆ ಎಂಟು ಸಲ ರೂಟರು ಚೆನ್ನಾಗಿಯೇ ಇರುತ್ತದೆ.

ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ಮಾದನಾಯಕನಹಳ್ಳಿಯ ಒಂದು ಗೋದಾಮಿನಲ್ಲಿ ವಿಚಿತ್ರವಾದ ದೂರು. ದಿನಕ್ಕೆ ನಾಲ್ಕೈದು ಸಲ ಇಂಟರ್‌ನೆಟ್ ಸುಮ್ಮನೆ ಕಡಿದುಹೋಗುವುದು, ಎರಡು ನಿಮಿಷದಲ್ಲಿ ತಾನೇ ಬರುವುದು. ಇಬ್ಬರು ಹೋಗಿ ರೂಟರನ್ನೇ ಬದಲಾಯಿಸಿ ಬಂದರು, ಗುಣವಾಗಲಿಲ್ಲ. ನಾನು ಹೋಗಿ ಏನನ್ನೂ ಮುಟ್ಟದೆ ಒಂದು ಗಂಟೆ ಕೂತೆ. ಆಫೀಸಿನ ಫೋನ್ ರಿಂಗಾದಾಗಲೆಲ್ಲ ಇಂಟರ್‌ನೆಟ್ ಹೋಗುತ್ತಿತ್ತು. ಒಂದೇ ತಂತಿಯಲ್ಲಿ ಮಾತೂ ಇಂಟರ್‌ನೆಟ್ಟೂ ಹರಿಯುವಾಗ ಪ್ರತಿ ಫೋನಿಗೂ ಒಂದು ಸಣ್ಣ ಫಿಲ್ಟರ್ ಸಿಕ್ಕಿಸಬೇಕು, ಇಲ್ಲದಿದ್ದರೆ ರಿಂಗಿನ ಕರೆಂಟು ಇಂಟರ್‌ನೆಟ್ಟನ್ನು ಕೆಡಿಸುತ್ತದೆ. ಆಫೀಸಿನ ಎರಡೂ ಫೋನುಗಳಿಗೆ ಫಿಲ್ಟರ್ ಇತ್ತು. ಹಾಗಾದರೆ ಮೂರನೆಯ ಫೋನು ಎಲ್ಲೋ ಇರಬೇಕು. ತಂತಿಯನ್ನೇ ಹಿಡಿದುಕೊಂಡು ಗೋಡೆಗುಂಟ ಹೋದೆ. ಅದು ಗೇಟಿನ ಪಕ್ಕದ ವಾಚ್‌ಮನ್ ಕೋಣೆಗೆ, ಅವನ ಮಂಚದ ಕೆಳಗೆ, ಒಂದು ಹಳೆಯ ಕೆಂಪು ಫೋನಿಗೆ ಹೋಗಿ ನಿಂತಿತ್ತು.

"ಅಕ್ಕಾ, ಯೋಳ್ಬ್ಯಾಡಿ ಅಕ್ಕಾ," ಎಂದು ಆತ ಕೈ ಮುಗಿದ. "ನಾನು ಇಲ್ಲಿಂದ ಯಾರ್ಗೂ ಮಾಡಾಕಿಲ್ಲ. ಊರಿಂದ ನಮ್ಮೆಂಗ್ಸು ಮಾಡ್ತಾಳೆ, ಎರಡು ಮಾತಾಡ್ತಾಳೆ, ಅಷ್ಟೇಯ."

ನಾನು ಬ್ಯಾಗಿನಿಂದ ಒಂದು ಫಿಲ್ಟರ್ ತೆಗೆದು ಆ ಕೆಂಪು ಫೋನಿಗೆ ಸಿಕ್ಕಿಸಿದೆ. ವರದಿಯಲ್ಲಿ 'ಫಿಲ್ಟರ್ ಕೊರತೆ, ಸರಿಪಡಿಸಲಾಗಿದೆ' ಎಂದು ಬರೆದೆ. ಅದು ಸುಳ್ಳಲ್ಲವಲ್ಲ. ಅವನ ಹೆಂಡತಿ ಆಮೇಲೂ ವರ್ಷಗಟ್ಟಲೆ ಫೋನ್ ಮಾಡುತ್ತಿದ್ದಳು, ಗೋದಾಮಿನ ಇಂಟರ್‌ನೆಟ್ ಒಮ್ಮೆಯೂ ನಿಲ್ಲಲಿಲ್ಲ.

ಆದರೆ ನಾನು ನಿಜವಾಗಿ ಹೇಳಬೇಕೆಂದು ಕೂತದ್ದು ಇದಕ್ಕೂ ಹಿಂದಿನ ಕಥೆ. ಆಗ ಬ್ರಾಡ್‌ಬ್ಯಾಂಡ್ ಬಂದಿರಲಿಲ್ಲ, ಮೊಬೈಲು ದೊಡ್ಡವರ ಕೈಯಲ್ಲಿ ಮಾತ್ರ ಇತ್ತು. ನನ್ನ ಕೈಗೆ ಉಪಕರಣದ ಬ್ಯಾಗು ಬಂದು ಇನ್ನೂ ಎರಡೇ ವಾರವಾಗಿತ್ತು, ಮತ್ತು ನನ್ನದೇ ತಪ್ಪಿನಿಂದ ಅದು ಕೈಬಿಟ್ಟು ಹೋಗುವುದರಲ್ಲಿತ್ತು.

ನಾನು ಕೆಲಸಕ್ಕೆ ಸೇರಿದ್ದು ರಿಸೆಪ್ಷನಿಸ್ಟ್ ಆಗಿ. ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲೇ ನಮ್ಮ ಕಂಪನಿ, ಮನೆಯಿಂದ ನಡೆದು ಹೋಗುವಷ್ಟು ದೂರ. ಮಾಲೀಕರು ರಂಗನಾಥ್ ಸಾರ್. ಸೈಟಿಗೆ ಹೋಗಲು ನಾಲ್ಕು ಜನ ಗಂಡಸರಿದ್ದರು. ಫೋನ್ ಎತ್ತುವುದು ನನ್ನ ಕೆಲಸ. ಮೂರು ವರ್ಷ ಎತ್ತಿದೆ. "ಮೇಡಂ, ಮೂರನೇ ಲೈಟು ಕಣ್ಣು ಹೊಡೀತಾ ಇದೆ," "ಮೇಡಂ, ಪೆಟ್ಟಿಗೆ ಟಿಕ್ ಟಿಕ್ ಅಂತಿದೆ," ಎಂದು ಗಿರಾಕಿಗಳು ಹೇಳಿದ್ದನ್ನು ಬರೆದುಕೊಳ್ಳುವುದು, ಸಂಜೆ ಸೈಟಿನಿಂದ ಬಂದವರು ಅದಕ್ಕೆ ಏನು ಮಾಡಿದರೆಂದು ಕೇಳುವುದು. ಹೀಗೆ ರೂಟರನ್ನು ನೋಡುವ ಮೊದಲೇ ಕಿವಿಯಿಂದ ಕಲಿತುಬಿಟ್ಟೆ. ಅರ್ಧ ದೂರುಗಳನ್ನು ಕುರ್ಚಿಯಲ್ಲಿ ಕೂತೇ ಪರಿಹರಿಸುತ್ತಿದ್ದೆ. ಗಂಡಸರು ಸೈಟಿನಿಂದ ನನಗೇ ಫೋನ್ ಮಾಡಿ ಕೇಳುವ ಮಟ್ಟಕ್ಕೆ ಬಂದಾಗ ನನಗೆ ರೋಸಿಹೋಯಿತು.

"ಸಾರ್, ನಾನೂ ಸೈಟಿಗೆ ಹೋಗ್ತೀನಿ," ಎಂದೆ ರಂಗನಾಥ್ ಸಾರ್ ಹತ್ತಿರ.

"ನೀವು ಹೋದ್ರೆ ಫೋನ್ ಯಾರಮ್ಮ ಎತ್ತೋದು?"

"ಯಾರು ಬೇಕಾದ್ರೂ ಎತ್ತಬಹುದು ಸಾರ್. ರಿಪೇರಿ ಯಾರು ಬೇಕಾದ್ರೂ ಮಾಡಕ್ಕಾಗಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಯೋಚನೆ ಮಾಡುವಾಗ ಅವರಿಗೆ ಅದೊಂದು ಅಭ್ಯಾಸ. ಆಮೇಲೆ ಹೇಳಿದರು, "ಒಂದು ತಿಂಗಳು ನೋಡೋಣ. ನೀವು ಕೂರಿಸಿದ ಯಾವ ಜಾಗಕ್ಕಾದ್ರೂ ಎರಡನೇ ಸಲ ಹೋಗೋ ಹಾಗಾಯ್ತು ಅಂದ್ರೆ ವಾಪಸ್ ಇದೇ ಕುರ್ಚಿ. ಆಮೇಲೆ ಸೈಟು ಗೀಟು ಅಂತ ಬಾಯಿ ಬಿಡಬಾರದು. ಸರಿನಾ?"

ಇದು ನನಗೊಬ್ಬಳಿಗೇ ಮಾಡಿದ ಕಾನೂನಲ್ಲ. ನಮ್ಮಲ್ಲಿ ಎರಡನೇ ಭೇಟಿ ಎಂದರೆ ಅವಮಾನ. ಅದಕ್ಕೊಂದು ರಿಜಿಸ್ಟರೇ ಇತ್ತು. ಮೊದಲ ಭೇಟಿ ನೀಲಿ ಇಂಕಿನಲ್ಲಿ, ಎರಡನೆಯದು ಕೆಂಪಿನಲ್ಲಿ, ಹೋದವರ ಹೆಸರಿನೆದುರು. ಆ ರಿಜಿಸ್ಟರಿನಲ್ಲಿ ಕೆಂಪಿಂಕು ಬಹಳ ಕಡಿಮೆ ಎಂದು ಸಾರ್‌ಗೆ ಭಾರೀ ಹೆಮ್ಮೆ.

ಮನೆಯಲ್ಲಿ ಸುದ್ದಿ ಹೇಳಿದಾಗ ಅತ್ತೆ ಕೇಳಿದರು, "ಅಂಗಾರೆ ಕಂಬ ಅತ್ತಬೇಕೇನವ್ವಾ?"

"ಇಲ್ಲ ಅತ್ತೆ, ಮೇಜಿನ ಕೆಳಗೆ ನುಗ್ಗಬೇಕು."

"ಅಷ್ಟೇನಾ? ಓಗವ್ವ, ಓಗು. ಮಗೀನ ನಾನ್ ನೋಡ್ಕತೀನಿ." ಮಾರನೆಯ ದಿನದಿಂದ ಅವರು ಬೀದಿಯವರಿಗೆಲ್ಲ ನನ್ನ ಸೊಸೆ ಫೋನಿನ ಡಾಕ್ಟರು ಎಂದು ಹೇಳಿಕೊಂಡು ಬಂದರು. ಬೀದಿಯವರು ತಮ್ಮ ಕೆಟ್ಟ ರೇಡಿಯೋ, ಮಿಕ್ಸಿಗಳನ್ನೂ ನನ್ನ ಮುಂದೆ ತಂದಿಡತೊಡಗಿದರು. ಹೊತ್ತುಕೊಂಡ ಬ್ಯಾಗಿನ ಭಾರಕ್ಕೆ ಹೆಗಲು ನೋಯುತ್ತಿತ್ತು, ಅದೂ ನನಗೆ ಸುಖವೇ ಆಗಿತ್ತು.

ಮೊದಲ ನಾಲ್ಕು ಸೈಟು ಸಲೀಸಾಗಿ ಮುಗಿದವು. ಐದನೆಯದು ಪೀಣ್ಯದಲ್ಲಿ ಚನ್ನಬಸಪ್ಪನವರದು. ಹಾವೇರಿ ಕಡೆಯವರು. ಪಂಪುಗಳ ಬಿಡಿಭಾಗಗಳನ್ನು ಎರಕ ಹೊಯ್ಯಲು ಬೇಕಾದ ಮರದ ಅಚ್ಚುಗಳನ್ನು ಮಾಡುವ ಸಣ್ಣ ಕಾರ್ಖಾನೆ, ಒಂಬತ್ತು ಜನ ಕೆಲಸಗಾರರು. ಒಂದು ಕ್ಯಾಬಿನ್ನು, ಅದರಲ್ಲಿ ಮೂರು ಕಂಪ್ಯೂಟರು. ಚನ್ನಬಸಪ್ಪನವರು ಹಣೆಗೆ ವಿಭೂತಿ ಹಚ್ಚಿದ, ದೊಡ್ಡ ದನಿಯ, ಕಂಡವರಿಗೆಲ್ಲ ಚಹಾ ಕುಡಿಸುವ ಮನುಷ್ಯ. ಹತ್ತು ನಿಮಿಷದಲ್ಲಿ ತಮ್ಮ ಮನೆಯ ಸಮಾಚಾರವನ್ನೆಲ್ಲ ಹೇಳಿಬಿಟ್ಟರು. ಒಬ್ಬಳೇ ಮಗಳು, ಚೊಚ್ಚಲ ಹೆರಿಗೆ. ಹೆಂಡತಿ ಮಗಳನ್ನು ಕರೆದುಕೊಂಡು ತನ್ನ ತವರು ರಾಣೆಬೆನ್ನೂರಿಗೆ ಹೋಗಿದ್ದಾರೆ.

"ಇನ್ನೂ ಹದಿನೈದು ದಿನ ಐತ್ರಿ," ಎಂದರು. "ಅಪಾರ್ಟ್‌ಮೆಂಟಿನಾಗ ಒಬ್ಬಾಂವ ಇದ್ದು ಏನ್ ಮಾಡ್ಲಿ? ಬೀಗ ಹಾಕಿ ಇಲ್ಲೇ ಕ್ಯಾಬಿನ್ನಿನಾಗ ಮಲಗತೀನಿ. ಅದಿರ್ಲಿ, ಇವತ್ತ ಶುಕ್ರವಾರ. ಹತ್ತೂವರೆಗೆ ರಾಹುಕಾಲ ಹಿಡೀತದ. ಅದರೊಳಗ ಮುಗಿಸಿಬಿಡ್ರಿ ಅಕ್ಕಾರ."

ಆಗ ಗಂಟೆ ಒಂಬತ್ತೂ ಮುಕ್ಕಾಲು. ಆಗಿನ ಲೈನಿನ ಹೆಸರು ಐಎಸ್‌ಡಿಎನ್. ಮಾಮೂಲಿ ಟೆಲಿಫೋನಿನ ತಾಮ್ರದ ತಂತಿಯೇ, ಆದರೆ ಅದರಲ್ಲಿ ಎಲ್ಲವೂ ಡಿಜಿಟಲ್, ಒಂದೇ ತಂತಿಯಲ್ಲಿ ಎರಡು ದಾರಿ. ಒಂದರಲ್ಲಿ ಮಾತಾಡಬಹುದು, ಇನ್ನೊಂದರಲ್ಲಿ ಇಂಟರ್‌ನೆಟ್ ನಡೆಸಬಹುದು. ಮಾತಿಲ್ಲದಾಗ ಎರಡು ದಾರಿಯನ್ನೂ ಕೂಡಿಸಿ ಇಂಟರ್‌ನೆಟ್ಟಿಗೇ ಕೊಟ್ಟರೆ ವೇಗ ಎರಡರಷ್ಟು. ರೂಟರಿನ ಬೆನ್ನಿನಲ್ಲಿ ಹಳೆಯ ಫೋನನ್ನು ಸಿಕ್ಕಿಸಲು ಜಾಗವೂ ಇತ್ತು. ಯಾರಾದರೂ ಇಂಟರ್‌ನೆಟ್ ಬಳಸಿದರೆ ಅದು ತಾನೇ ಡಯಲ್ ಮಾಡುತ್ತಿತ್ತು, ಎಲ್ಲರೂ ಸುಮ್ಮನಾದರೆ ಸ್ವಲ್ಪ ಕಾದು ತಾನೇ ಲೈನು ಕಡಿಯುತ್ತಿತ್ತು. ಆ ಪೆಟ್ಟಿಗೆಯನ್ನು ಕಂಡರೆ ನನಗೆ ಬಹಳ ಪ್ರೀತಿ. ಇಷ್ಟು ಸಣ್ಣದಾಗಿದ್ದು ಇಷ್ಟೊಂದು ಜವಾಬ್ದಾರಿ ಹೊತ್ತಿದೆಯಲ್ಲ ಎನಿಸುತ್ತಿತ್ತು.

ಗಡಿಯಾರ ನೋಡುತ್ತ ಕೈ ಓಡಿಸಿದೆ. ಎರಡು ದಾರಿ ಕೂಡಿಸಿದೆ, ಫೋನ್ ಸಿಕ್ಕಿಸಿದೆ, ಅವರು ಅಲ್ಲಿಂದ ಒಂದು ನಂಬರಿಗೆ ಮಾಡಿದರು, ಮಾತಾಡಿದರು. ಹತ್ತು ಇಪ್ಪತ್ತೈದಕ್ಕೆ ನನ್ನ ಬ್ಯಾಗಿನ ಜಿಪ್ಪು ಎಳೆದಾಯಿತು. "ಭೇಷ್!" ಎಂದರು ಚನ್ನಬಸಪ್ಪ. ನನಗೂ ಹಾಗೆಯೇ ಅನಿಸಿತ್ತು.

ಐದು ದಿನ ಕಳೆದು ಬುಧವಾರ ಬೆಳಗ್ಗೆ ನಾನು ಆಫೀಸಿನಲ್ಲಿದ್ದಾಗ ಅವರ ಫೋನ್ ಬಂತು. ಹೊಸ ರಿಸೆಪ್ಷನಿಸ್ಟ್ ಇನ್ನೂ ಸಿಕ್ಕಿರಲಿಲ್ಲ, ಸೈಟು ಇಲ್ಲದಾಗ ನಾನೇ ಎತ್ತುತ್ತಿದ್ದೆ.

"ಅಕ್ಕಾರ, ನಿಮ್ಮ ಕಾಲ್ಗುಣ ಭಾಳ ಚಲೋ ಐತ್ರಿ!" ಎಂದರು. "ನೀವು ಪೆಟಗಿ ಕುಂದ್ರಿಸಿ ಹೋದ ಮ್ಯಾಲೆ ಒಂದು ಫೋನ್ ಕಿರಿಕಿರಿ ಇಲ್ಲ. ಐದು ದಿನದಾಗ ಒಂದರೆ ಗಂಟಿ ಬಾರಿಸಿದ್ದರ ಕೇಳ್ರಿ. ನೆಮ್ಮದಿಯಿಂದ ಕೂತು ನಾಲ್ಕು ಅಚ್ಚು ಮುಗಿಸೀನಿ. ಇನ್ನೊಂದು ಕೇಳ್ರಿ. ಎಂದೂ ಬರದ ಪಂಪ್ ಕಂಪನಿ ಮ್ಯಾನೇಜರು ಇವತ್ತ ಮುಂಜಾನೆ ಖುದ್ದ ಬಂದಿದ್ರು. ಫೋನ್ ಹತ್ತಲಿಲ್ಲ, ಅದಕ್ಕ ಬಂದೆ ಅಂದ್ರು. ಅಚ್ಚು ನೋಡಿದ್ರು, ದೊಡ್ಡ ಆರ್ಡರ್ ಕೊಟ್ಟು ಹೋದ್ರು. ನಿಮ್ಮ ಸಾಹೇಬ್ರಿಗೆ ಕೊಡ್ರಿ, ನಾ ಹೇಳತೀನಿ."

ಸಾರ್‌ಗೆ ಫೋನ್ ಕೊಟ್ಟೆ. ಅವರು ಕೇಳುತ್ತ ಕೇಳುತ್ತ ಅರಳಿದರು. ಆದರೆ ಮೂರು ವರ್ಷ ದೂರುಗಳನ್ನು ಕೇಳಿದ ಕಿವಿ ನನ್ನದು, ಹೊಗಳಿಕೆಯೊಳಗಿನ ದೂರು ಅದಕ್ಕೆ ಕೇಳಿಸಿಬಿಟ್ಟಿತ್ತು. ಇಂಟರ್‌ನೆಟ್ ಎರಡು ದಾರಿಯನ್ನೂ ಹಿಡಿದುಕೊಂಡಿರುವಾಗ ಹೊರಗಿನಿಂದ ಫೋನ್ ಬಂದರೆ, ಒಂದು ದಾರಿಯನ್ನು ಫೋನಿಗೆ ಬಿಟ್ಟುಕೊಡು ಎಂದು ರೂಟರಿಗೆ ಹೇಳಿಡಬೇಕು. ಒಳಗಿನಿಂದ ನಾವು ಫೋನ್ ಎತ್ತಿದರೆ ಅದು ತಾನಾಗಿ ಬಿಡುತ್ತದೆ, ಹೊರಗಿನಿಂದ ಬರುವುದಕ್ಕೆ ಬೇರೆಯೇ ಒಂದು ಸಾಲು ಬರೆಯಬೇಕು. ರಾಹುಕಾಲದ ಅವಸರದಲ್ಲಿ ನಾನು ಆ ಸಾಲನ್ನು ಬರೆದಿರಲಿಲ್ಲ. ಹೊರಗೆ ಫೋನ್ ಮಾಡಿಸಿ ನೋಡಿದ್ದೆ, ಒಳಗೆ ಒಂದು ಫೋನ್ ತರಿಸಿ ನೋಡಿರಲಿಲ್ಲ. ಐದು ದಿನದಿಂದ ಚನ್ನಬಸಪ್ಪನವರಿಗೆ ಫೋನ್ ಮಾಡಿದವರಿಗೆಲ್ಲ ಎಂಗೇಜ್ ಟೋನ್ ಕೇಳಿಸುತ್ತಿದೆ, ಅವರು ಅದನ್ನು ನೆಮ್ಮದಿ ಎಂದುಕೊಂಡಿದ್ದಾರೆ.

ಸಾರ್ ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ನಾಗರತ್ನ, ತಿಂಗಳು ಮುಗಿಯೋದೇನೂ ಬೇಡ. ಬ್ಯಾಗು ನಿಮ್ಮದೇ. ಇಂಥಾ ಹೊಗಳಿಕೆ ನಾನು ಈ ಕಂಪನಿಯಲ್ಲೇ ಕೇಳಿಲ್ಲ."

ನಿಜ ಹೇಳುತ್ತೇನೆ, ಒಂದು ಕ್ಷಣ ಬಾಯಿ ಮುಚ್ಚಿಕೊಂಡಿರೋಣ ಎನಿಸಿತು. ಯಾರಿಗೂ ಗೊತ್ತಿಲ್ಲ. ಗಿರಾಕಿ ಖುಷಿಯಾಗಿದ್ದಾರೆ, ಸಾರ್ ಖುಷಿಯಾಗಿದ್ದಾರೆ, ಬ್ಯಾಗು ನನ್ನದಾಗಿದೆ. ಆದರೆ ಆ ಎಂಗೇಜ್ ಟೋನ್ ನನ್ನ ಕಿವಿಯಲ್ಲಿ ಶುರುವಾಗಿತ್ತು, ನಿಲ್ಲುವ ಹಾಗೆ ಕಾಣಲಿಲ್ಲ.

"ಸಾರ್, ಅದು ಕಾಲ್ಗುಣ ಅಲ್ಲ, ನನ್ನ ತಪ್ಪು," ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಕನ್ನಡಕ ಒರೆಸಿದರು. "ಅವರು ಕಂಪ್ಲೇಂಟ್ ಕೊಟ್ಟಿಲ್ವಲ್ಲಮ್ಮ. ನೀವಾಗೇ ಹೋದ್ರೆ ಅದು ಎರಡನೇ ಭೇಟಿ. ಕೆಂಪಿಂಕು ಬರೀಲೇಬೇಕು, ಆಗಿರೋ ಮಾತು ಆಗಿರೋ ಮಾತೇ. ಮಿಕ್ಕ ನಾಲ್ಕು ಜನಕ್ಕೆ ಒಂದು, ನಿಮಗೊಂದು ಅಂತ ಮಾಡಕ್ಕಾಗಲ್ಲ. ಯೋಚನೆ ಮಾಡಿ."

ಯೋಚನೆ ಮಾಡಿದರೆ ಹೋಗುವುದಿಲ್ಲ ಎಂದು ಗೊತ್ತಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಿ ಪೀಣ್ಯ ಸೇರುವವರೆಗೂ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಕಣ್ಣಲ್ಲಿ ಎರಡು ಹನಿ ನೀರು ಬಂದದ್ದೂ ಹೌದು.

ಕಾರ್ಖಾನೆ ಸೇರಿದಾಗ ಹನ್ನೆರಡು ಗಂಟೆ ದಾಟಿತ್ತು. ವಿಷಯ ಕೇಳಿ ಚನ್ನಬಸಪ್ಪನವರು ರೂಟರಿಗೆ ಅಡ್ಡ ನಿಂತುಬಿಟ್ಟರು.

"ಬ್ಯಾಡ್ರೀ ಅಕ್ಕಾರ, ಮುಟ್ಟಬ್ಯಾಡ್ರಿ! ತಪ್ಪೋ ಒಪ್ಪೋ, ನನಗ ಚಲೋ ಆಗೈತಿ."

"ಸಾರ್, ಫೋನ್ ಬರ್ತಾ ಇದೆ. ನಿಮ್ಮ ರೂಟರು ಅದನ್ನ ಒಳಗೆ ಬಿಡ್ತಿಲ್ಲ."

"ಬಿಡದಿದ್ರ ಒಳ್ಳೇದಾತಲ್ರಿ. ಮತ್ತ ಈಗ ರಾಹುಕಾಲ. ಒಂದೂವರೆ ತನಕ ಯಾವ ಕೆಲಸಕ್ಕೂ ಕೈ ಹಚ್ಚಂಗಿಲ್ಲ. ಕೂಡ್ರಿ, ಚಹಾ ಕುಡೀರಿ."

ಕೂತೆ, ಚಹಾ ಕುಡಿದೆ. ಬೇರೇನೂ ಮಾಡಲು ಬಿಡದಿದ್ದರಿಂದ ರೂಟರಿನ ದೀಪಗಳನ್ನು ನೋಡುತ್ತ ಕೂತೆ. ಊಟದ ಹೊತ್ತು, ಮೂರು ಕಂಪ್ಯೂಟರಿನ ಮುಂದೆಯೂ ಯಾರೂ ಇಲ್ಲ. ಆದರೂ ಎರಡು ದಾರಿಯ ದೀಪಗಳೂ ಉರಿಯುತ್ತಲೇ ಇದ್ದವು. ಯಾರೂ ಬಳಸದಿದ್ದರೆ ಲೈನು ತಾನೇ ಕಡಿಯಬೇಕಿತ್ತಲ್ಲ? ಎಡಗಡೆಯ ಕಂಪ್ಯೂಟರಿನ ಕೇಬಲ್ಲಿನ ದೀಪ ಕೆಲವು ನಿಮಿಷಕ್ಕೊಮ್ಮೆ ಮಿಣುಕುತ್ತಿತ್ತು. ಎದ್ದು ಹೋಗಿ ಪರದೆ ನೋಡಿದೆ. ಅಲ್ಲಿ ಬಣ್ಣ ಬಣ್ಣದ ಒಂದು ಪಂಚಾಂಗ. ತಿಥಿ, ನಕ್ಷತ್ರ, ರಾಹುಕಾಲ, ಗುಳಿಕಕಾಲ. ಮಗಳು ಊರಿಗೆ ಹೋಗುವ ಮೊದಲು ಅಪ್ಪನಿಗೆಂದು ಹಾಕಿಕೊಟ್ಟು ಹೋದದ್ದಂತೆ. ಅದು ಐದೈದು ನಿಮಿಷಕ್ಕೊಮ್ಮೆ ಇಂಟರ್‌ನೆಟ್ಟಿನಲ್ಲಿ ಸಮಯ ಕೇಳಿಕೊಂಡು ಬರುತ್ತಿತ್ತು. ಇದರ ದೆಸೆಯಿಂದ ಲೈನು ಹಗಲೂ ರಾತ್ರಿ ಕಡಿದೇ ಇರಲಿಲ್ಲ. ನನ್ನ ಒಂದು ಮರೆವು ಮತ್ತು ಈ ಪಂಚಾಂಗ ಕೈಜೋಡಿಸಿ ಐದು ದಿನ ಕಾರ್ಖಾನೆಯ ಬಾಯಿಗೆ ಬೀಗ ಜಡಿದಿದ್ದವು. ನಗು ತಡೆಯಲಾಗಲಿಲ್ಲ, ನಕ್ಕುಬಿಟ್ಟೆ.

ಚನ್ನಬಸಪ್ಪನವರಿಗೆ ವಿವರಿಸಿದೆ. ಅವರು ಪಂಚಾಂಗದ ಮೇಲೆ ಕೈಯಿಟ್ಟು, "ಇದನ್ನ ತೆಗಿಯಂಗಿಲ್ಲ," ಎಂದರು.

"ತೆಗೆಯಲ್ಲ ಸಾರ್. ದಿನಕ್ಕೊಂದು ಸಲ ಕೇಳು ಅಂತ ಹೇಳ್ತೀನಿ, ಸಾಕು. ರಾಹುಕಾಲ ಐದು ನಿಮಿಷಕ್ಕೊಂದ್ಸಲ ಬದಲಾಗಲ್ವಲ್ಲ. ಆದರೆ ಫೋನ್ ವಿಷಯ ಯೋಚನೆ ಮಾಡಿ. ಈಗ ಮ್ಯಾನೇಜರು ಗಾಡಿ ಹತ್ತಿ ಬಂದರು, ಸರಿ. ರಾಣೆಬೆನ್ನೂರಿಂದ ಮನೆಯವರು ಮಾಡಿದರೂ ಎಂಗೇಜೇ ಬರೋದು. ಅವರು ಗಾಡಿ ಹತ್ತಿ ಬರೋಕಾಗುತ್ತಾ?"

ಅವರ ಮುಖದ ಬಣ್ಣ ಬದಲಾಯಿತು. "ಭಾನುವಾರ ನಾನ ಮಾಡಿದ್ದೆ," ಎಂದರು ಸಣ್ಣ ದನಿಯಲ್ಲಿ. "ಆರಾಮ ಅದಾಳ ಅಂದಿದ್ರು. ಇನ್ನೂ ಹತ್ತು ದಿನ ಐತಿ." ಗೋಡೆಯ ಗಡಿಯಾರ ನೋಡಿದರು. ಒಂದು ಗಂಟೆ. ರಾಹುಕಾಲ ಮುಗಿಯಲು ಇನ್ನೂ ಅರ್ಧ ಗಂಟೆ ಇತ್ತು. ಕ್ಯಾಬಿನ್ನಿನಲ್ಲಿ ಎರಡು ಸಲ ಆ ಕಡೆ ಈ ಕಡೆ ಓಡಾಡಿದರು. ಆಮೇಲೆ ಒಮ್ಮೆಲೇ, "ರಾಹು ಹಾಳಾಗಿ ಹೋಗ್ಲಿ, ಕೈ ಹಚ್ಚ್ರಿ!" ಎಂದರು.

ನನ್ನ ಬೆರಳು ಆವತ್ತು ಓಡಿದಷ್ಟು ವೇಗವಾಗಿ ಮತ್ತೆಂದೂ ಓಡಿಲ್ಲ. ಆ ಒಂದು ಸಾಲು ಬರೆದೆ. ಪಂಚಾಂಗಕ್ಕೆ ಬುದ್ಧಿ ಹೇಳಿದೆ. ಇಂಟರ್‌ನೆಟ್ ಎರಡು ದಾರಿಯನ್ನೂ ಹಿಡಿಯಲಿ ಎಂದು ಬೇಕೆಂದೇ ಒಂದು ದೊಡ್ಡ ಡ್ರಾಯಿಂಗನ್ನು ಇಳಿಸಲು ಹಚ್ಚಿದೆ. ಇನ್ನು ಎದುರಿನ ಅಂಗಡಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಒಂದು ಫೋನ್ ಮಾಡಿ ನೋಡಬೇಕು ಎಂದು ಎದ್ದೆ. ಬಾಗಿಲು ದಾಟಿರಲಿಲ್ಲ, ಫೋನ್ ರಿಂಗಾಯಿತು.

ಚನ್ನಬಸಪ್ಪನವರು ಎತ್ತಿದರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಎಲ್ಲಿ ಸತ್ತಿದ್ರಿ? ನಿನ್ನೆ ಮಧ್ಯಾಹ್ನದಿಂದ ಹಚ್ಚಾಕತ್ತೀನಿ, ಬೆರಳು ಬಾತು ಹೋಗ್ಯಾವ! ಯಾರ ಜೋಡಿ ಅಷ್ಟು ಹೊತ್ತು ಮಾತಾಡಾಕತ್ತೀರಿ?" ಅದು ಅವರ ಹೆಂಡತಿ. ಇವರು ಬಾಯಿ ತೆರೆಯುವ ಮೊದಲೇ ಮುಂದಿನದೂ ಬಂತು. "ಹೆಣ್ಣು ಹುಟ್ಟೈತಿ. ತಾಯಿ ಕೂಸು ಇಬ್ಬರೂ ಆರಾಮ ಅದಾರ. ಮಗಳು ಎಚ್ಚರ ಆದಾಗಿಂದ ಒಂದ ಸವನ ಕೇಳಾಕತ್ತಾಳ, ಅಪ್ಪಗ ಹೇಳಿದ್ರೇನು, ಅಪ್ಪ ಏನಂದ್ರು ಅಂತ. ಏನಂತ ಹೇಳ್ಲಿ ನಾನು?"

ಚನ್ನಬಸಪ್ಪನವರು ರಿಸೀವರನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಅಪ್ಪ ಕುಣದಾಡಾಕತ್ತಾನ ಅಂತ ಹೇಳು," ಎಂದರು. ನಿಂತಲ್ಲೇ ನಿಂತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ಆಮೇಲೆ ರಿಸೀವರನ್ನು ಬಾಗಿಲಿನ ಕಡೆ ಚಾಚಿ ಕೆಲಸಗಾರರಿಗೆಲ್ಲ ಕೇಳುವಂತೆ ಕೂಗಿದರು, "ಮಷೀನ್ ಬಂದ್ ಮಾಡ್ರೋ! ಅಜ್ಜ ಆಗೀನಿ!" ಒಂಬತ್ತು ಜನವೂ ಮೈಮೇಲಿನ ಮರದ ಪುಡಿ ಸಮೇತ ಕ್ಯಾಬಿನ್ನಿಗೆ ನುಗ್ಗಿದರು. ಕೂಸಿನ ಅಳು ಕೇಳಿಸುತ್ತದೆ ಎಂದು ಒಬ್ಬೊಬ್ಬರೇ ರಿಸೀವರಿಗೆ ಕಿವಿ ಹಚ್ಚಿದರು. ಅತ್ತ ಪರದೆಯ ಮೇಲೆ ಡ್ರಾಯಿಂಗು ಒಂದೇ ದಾರಿಯಲ್ಲಿ, ನಿಧಾನವಾಗಿ, ನಿಲ್ಲದೆ ಇಳಿಯುತ್ತಿತ್ತು. ಅದನ್ನು ನೋಡಿದವಳು ನಾನೊಬ್ಬಳೇ. ಮಾತೂ ಇಂಟರ್‌ನೆಟ್ಟೂ ಜೊತೆಜೊತೆಗೆ. ಎಷ್ಟು ಸಂತೋಷವಾಯಿತೆಂದರೆ, ನನ್ನ ಬ್ಯಾಗಿನ ವಿಷಯವೇ ಮರೆತುಹೋಗಿತ್ತು.

ಫೋನ್ ಇಟ್ಟಮೇಲೆ ನಾನು ಅವರ ಕ್ಷಮೆ ಕೇಳಿದೆ. "ತಪ್ಪು ನಂದೂ ಐತ್ರಿ," ಎಂದರು ಅವರು. "ರಾಹುಕಾಲ ಅಂತ ಅವಸರ ಮಾಡಿದಾಂವ ನಾನ ಅಲ್ಲೇನು? ಬರ್ರಿ, ಮೊದಲ ಪೇಢಾ ನಿಮ್ಮ ಬಾಯಿಗೆ." ಆವತ್ತಿನ ಮಧ್ಯಾಹ್ನದ ಬಸ್ಸಿಗೇ ಅವರು ರಾಣೆಬೆನ್ನೂರಿಗೆ ಹೊರಟರು.

ನಾನು ದೊಡ್ಡನೆಕ್ಕುಂದಿಗೆ ವಾಪಸಾದಾಗ ಐದು ಗಂಟೆ. ಬಸ್ಸಿನಲ್ಲಿ ಬ್ಯಾಗಿನ ವಿಷಯ ಮತ್ತೆ ನೆನಪಾಗಿತ್ತು. ರಂಗನಾಥ್ ಸಾರ್ ರಿಸೆಪ್ಷನ್ನಿನ ಕುರ್ಚಿಯಲ್ಲೇ ಕೂತಿದ್ದರು, ಇಡೀ ದಿನ ಅವರೇ ಫೋನ್ ಎತ್ತಿದ್ದರು. ಮುಂದೆ ರಿಜಿಸ್ಟರು ತೆರೆದಿತ್ತು, ಪಕ್ಕದಲ್ಲಿ ಕೆಂಪು ಪೆನ್ನು. ನಾನು ಬ್ಯಾಗನ್ನು ಮೇಜಿನ ಮೇಲಿಟ್ಟೆ.

"ಏನಾಯ್ತು ಹೇಳಿ," ಎಂದರು. ಹೇಳಿದೆ. ರಾಹುಕಾಲ, ಪಂಚಾಂಗ, ಕೂಸು, ಎಲ್ಲ. ಅವರು ನಗಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನಾವು ಕೂರಿಸಿರೋ ಮಿಕ್ಕ ಜಾಗಗಳಲ್ಲಿ ಇಂಥದ್ದು ಎಷ್ಟಿರಬಹುದು?"

"ಗೊತ್ತಿಲ್ಲ ಸಾರ್. ಯಾರೂ ಹೋಗಿ ನೋಡಿಲ್ಲ."

"ಯಾಕೆ ಹೋಗ್ತಾರೆ? ಹೋದವರ ಹೆಸರಿಗೆ ನಾನೇ ಕೆಂಪಿಂಕು ಬರೀತೀನಲ್ಲ." ರಿಜಿಸ್ಟರಿನ ಪುಟಗಳನ್ನು ತಿರುಗಿಸಿದರು. ಸಾಲು ಸಾಲು ನೀಲಿ. ಅಷ್ಟು ದಿನ ಹೆಮ್ಮೆಪಟ್ಟ ಪುಟಗಳನ್ನು ಅವರು ಮೊದಲ ಸಲ ಅನುಮಾನದಿಂದ ನೋಡುತ್ತಿದ್ದರು. ಕೊನೆಗೆ ಕೆಂಪು ಪೆನ್ನಿಗೆ ಕ್ಯಾಪು ಹಾಕಿದರು. "ಇನ್ಮೇಲೆ ಯಾರೇ ಕೂರಿಸಲಿ, ಐದನೇ ದಿನ ಕರೆಯದಿದ್ರೂ ಹೋಗಬೇಕು. ನಾಳೆ ಆ ನಾಲ್ಕು ಜನಕ್ಕೂ ಹೇಳ್ತೀನಿ."

ನನ್ನ ವಿಷಯ ಏನೂ ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮೇಜಿನ ಫೋನ್ ರಿಂಗಾಯಿತು. ಮೂರು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿ ಮುಂದೆ ಹೋಯಿತು. ಸಾರ್ ಅಡ್ಡ ಕೈ ಮಾಡಿ ತಾವೇ ಎತ್ತಿಕೊಂಡರು.

"ಹಲೋ... ಹೌದು ಸಾರ್... ಯಾರು, ನಾಗರತ್ನಾ ಅವರಾ?" ಎಂದರು. ಇನ್ನೊಂದು ಕೈಯಿಂದ ಬ್ಯಾಗನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. "ಇಲ್ಲ ಸಾರ್, ಅವರು ಇನ್ಮೇಲೆ ಈ ನಂಬರಲ್ಲಿ ಸಿಗಲ್ಲ. ಅವರು ಸೈಟಲ್ಲಿರ್ತಾರೆ."